ಟವಲ್ಲಿನ ಕೆಳಗೆ ನಾಲ್ಕನೇ ಸುತ್ತು

ಒಬ್ಬ ಮನುಷ್ಯನ ಯೋಗ್ಯತೆಯನ್ನು ಇನ್ನೊಬ್ಬ ಮನುಷ್ಯ ಅಳೆದು ನಿರ್ಣಯಿಸುವುದು ಲೋಕದ ಅತ್ಯಂತ ಗಹನವಾದ ಕಾರ್ಯಗಳಲ್ಲಿ ಒಂದು. ಅದಕ್ಕೆ ತಾಳ್ಮೆ ಬೇಕು, ವಿವೇಕ ಬೇಕು, ದೀರ್ಘಕಾಲದ ಒಡನಾಟ ಬೇಕು. ನನ್ನ ಅತ್ತೆಯವರು ಮಾತ್ರ ಅದನ್ನು ಶ್ರೀನಿವಾಸಪುರದ ತಮ್ಮ ಮನೆಯ ಜಗುಲಿಯಲ್ಲಿ, ನಾನು ಒಂದು ಲೋಟ ಕಾಫಿ ಕುಡಿಯುವುದರೊಳಗೆ ಮಾಡಿ ಮುಗಿಸಿದ್ದರು. "ಪರವಾಗಿಲ್ಲ, ಕುಡಿದ ಲೋಟ ತಾನೇ ಎತ್ತಿಟ್ಟ" ಎಂದು ಒಳಗೆ ಹೋಗಿ ಹೇಳಿದರಂತೆ. ಮದುವೆಯಾಯಿತು.

ಅದೇ ನಿರ್ಣಯಕ್ಕೆ ಬರಲು ಮಾಲೂರಿನ ಒಂದು ಕಂಪನಿಗೆ ಸಂದರ್ಶನದ ಐದು ಸುತ್ತು ಬೇಕಾದವು.

ನಾನು ಕೋಲಾರದಲ್ಲಿ ಒಂದು ಖಾಸಗಿ ಡೈರಿಯ ಕಚೇರಿಯಲ್ಲಿ ಡೇಟಾ ಇಂಜಿನಿಯರ್ ಆಗಿದ್ದೆ. ಈ ಹುದ್ದೆ ಏನೆಂದು ಕೇಳುವವರಿಗೆ ನಾನು ಹಾಲಿನ ಉದಾಹರಣೆಯನ್ನೇ ಕೊಡುತ್ತೇನೆ. ಹಳ್ಳಿಹಳ್ಳಿಯಲ್ಲಿ ಹಾಲು ಹಾಕಿಸಿಕೊಳ್ಳುತ್ತಾರೆ, ಕ್ಯಾನಿಗೆ ತುಂಬುತ್ತಾರೆ, ನೀರು ಬೆರೆತಿದೆಯೇ ಎಂದು ನೋಡುತ್ತಾರೆ, ಒಂದು ಕಡೆ ತಂದು ಸೇರಿಸುತ್ತಾರೆ. ನಾನು ಹಾಲಿನ ಬದಲು ಅಂಕಿಗಳನ್ನು ಹಾಗೆ ಸಾಗಿಸುತ್ತೇನೆ. ಅತ್ತೆ ಇದನ್ನು ಗಮನವಿಟ್ಟು ಕೇಳಿದ್ದರು. ಅವರು ಅಳಿಯನನ್ನು ಎದುರುಬದುರು ಮಾತಾಡಿಸುವುದು ಮರ್ಯಾದೆಯಲ್ಲ ಎಂದು ನಂಬಿದ ಕಾಲದವರು. ನನಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ. ಅಂದು ಗೋಡೆಯನ್ನು ಹೀಗೆ ಕೇಳಿದರು: "ಹಾಲು ಒಡೆದ್ರೆ ಯಾರ್ನ ಬೈತಾರಂತೆ?"

"ನನ್ನನ್ನೇ" ಎಂದೆ.

"ಹಂಗಾದ್ರೆ ಕ್ಯಾನ್ ತೊಳೆಯೋ ಕೆಲ್ಸ" ಎಂದು ಗೋಡೆಗೆ ವಿವರಿಸಿದರು. ಇದಕ್ಕಿಂತ ಅಚ್ಚುಕಟ್ಟಾದ ವ್ಯಾಖ್ಯಾನವನ್ನು ನಾನು ಈವರೆಗೆ ಎಲ್ಲಿಯೂ ಓದಿಲ್ಲ.

ಈ ಡೈರಿಯವರು ಮಾವಿನ ಕಾಲ ಶುರುವಾಗುವ ಹೊತ್ತಿಗೆ, ಕೋಲಾರದ ಕಚೇರಿಯನ್ನು ಮುಚ್ಚಿ ಎಲ್ಲವನ್ನೂ ಕಲಬುರಗಿಗೆ ಒಯ್ಯುತ್ತೇವೆ, ಬರುವವರು ಬರಬಹುದು, ಮಾವು ಮುಗಿಯುವುದರೊಳಗೆ ತಿಳಿಸಿ ಎಂದರು. ನನ್ನ ಹೆಂಡತಿ ಮುಳಬಾಗಿಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರು. ಮದುವೆಯಾದ ಹೊಸದರಲ್ಲಿ ಅವಳಿಗೆ ರಾಯಚೂರಿನ ಕಡೆ ಕೆಲಸವಿತ್ತು. ಮುಳಬಾಗಿಲಿಗೆ ವರ್ಗವಾಗಿ ಬರುವವರೆಗೆ, ವರ್ಷಗಟ್ಟಲೆ, ನಾವು ಫೋನಿನಲ್ಲೇ ಸಂಸಾರ ಮಾಡಿದವರು. ಜಗಳವನ್ನು ಸಹ ಸಿಗ್ನಲ್ ನೋಡಿಕೊಂಡು ಆಡಬೇಕಾಗಿತ್ತು. ಕಲಬುರಗಿಯ ಸುದ್ದಿ ಹೇಳಿದಾಗ ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ ಸಿಡಿಯುವುದು ನಿಲ್ಲಲಿ ಎಂದು ಕಾದು, "ಇನ್ನೊಂದ್ ಸಲ ನನ್ ಕೈಲಿ ಆಗಲ್ಲ ರೀ" ಎಂದಳು. ಈ ವಿಷಯದಲ್ಲಿ ಅವಳು ಆಡಿದ ಮಾತು ಇಷ್ಟೇ. ಮರುದಿನವೇ ನಾನು ಮಾಲೂರಿಗೆ ಅರ್ಜಿ ಹಾಕಿದೆ. ಅದು ಮಾವು, ಟೊಮ್ಯಾಟೊ ಕೊಂಡು ತಿರುಳು ತೆಗೆದು ಡಬ್ಬಿಗೆ ತುಂಬುವ ಕಂಪನಿ. ಕೋಲಾರದಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ದೂರದಲ್ಲಿ ನನ್ನ ಕಸುಬಿಗೆ ಇದ್ದ ಜಾಗ ಅದೊಂದೇ. ನನಗೆ ನಲವತ್ತಾರು. ಈ ಕಸುಬಿನಲ್ಲಿ ಅದನ್ನು ಪ್ರಾಯವೆನ್ನುವುದಿಲ್ಲ, ಪಳೆಯುಳಿಕೆ ಎನ್ನುತ್ತಾರೆ.

ಮೊದಲನೇ ಸುತ್ತು ಬಸ್ಸಿನಲ್ಲಿ ನಡೆಯಿತು. ಹಾಗೆಂದು ಯಾರೂ ಏರ್ಪಾಡು ಮಾಡಿರಲಿಲ್ಲ. ಶ್ರೀನಿವಾಸಪುರದಿಂದ ಅತ್ತೆಯವರು ಕೊಟ್ಟ ಮಾವಿನಕಾಯಿಯ ಚೀಲವನ್ನು ಕಾಲಸಂದಿಯಲ್ಲಿಟ್ಟುಕೊಂಡು ಬರುತ್ತಿದ್ದಾಗ ಕಂಪನಿಯ ಎಚ್‌.ಆರ್. ಮೇಡಂ ಫೋನು ಮಾಡಿದರು. ಎರಡು ನಿಮಿಷ ಮಾತಾಡಬಹುದೇ ಎಂದರು. ಬಸ್ಸಿನ ಸದ್ದಿಗೆ ನಾನು ಕೂಗಿ ಉತ್ತರಿಸಬೇಕಾಯಿತು. ಪಕ್ಕದಲ್ಲಿ ಸುಗಟೂರಿನ ಒಬ್ಬ ಹಿರಿಯರು ಕೂತಿದ್ದರು. ಅವರಿಗೆ ಮೇಡಂ ಕೇಳಿದ್ದು ಕೇಳಿಸುತ್ತಿರಲಿಲ್ಲ, ನನ್ನ ಉತ್ತರ ಮಾತ್ರ ಕೇಳಿಸುತ್ತಿತ್ತು. ಅವರಿಗೆ ಕೇಳಿಸಿದ್ದು ಹೀಗೆ: "ನಲವತ್ತಾರು ಮೇಡಂ... ಇಲ್ಲ, ಕೋಲಾರದಲ್ಲೇ ಇರೋದು... ಹಳೇದು ಹನ್ನೊಂದು ವರ್ಷ ಇತ್ತು... ಜಗಳ ಏನಿಲ್ಲ, ಅವ್ರೇ ದೂರ ಹೋಗ್ತಿದಾರೆ... ನೀವು ಯಾವಾಗ ಹೇಳಿದ್ರೆ ಆವಾಗ ಬಂದ್ಬಿಡ್ತೀನಿ."

ಫೋನು ಇಟ್ಟ ಮೇಲೆ ಹಿರಿಯರು ನನ್ನನ್ನೂ ಕಾಲಸಂದಿಯ ಚೀಲವನ್ನೂ ನೋಡಿದರು. ಆಮೇಲೆ ಮೆಲ್ಲಗೆ, "ಎರಡನೇ ಸಂಬಂಧಾನಾ?" ಎಂದರು.

"ಕೆಲಸದ್ದು ತಾತ."

"ಎಲ್ಲಾ ಒಂದೇ ಬಿಡಪ್ಪ. ಆದ್ರೆ ನೀನು ಹಂಗೆ ತಕ್ಷಣ ಬಂದ್ಬಿಡ್ತೀನಿ ಅನ್ಬಾರ್ದಾಗಿತ್ತು. ಕೇಳ್ದೇಟ್ಗೆ ಬಂದೋನ್ನ ಯಾರೂ ಲೆಕ್ಕಕ್ಕಿಡಲ್ಲ."

ಹಿಂದಿನ ಸೀಟಿನವರೂ ಇದನ್ನು ಅನುಮೋದಿಸಿದರು. ಹೀಗೆ ಬಹುಮತದಿಂದ ನಾನು ಮೊದಲನೇ ಸುತ್ತಿನಲ್ಲಿ ಸೋತೆ. ಮೇಡಂ ಮಾತ್ರ ಸಂಜೆ ಮೆಸೇಜು ಕಳಿಸಿ, ಎರಡನೇ ಸುತ್ತಿಗೆ ಆಯ್ಕೆಯಾಗಿದ್ದೀರಿ ಎಂದರು.

ಎರಡನೇ ಸುತ್ತು ಪರೀಕ್ಷೆ. ಕಂಪ್ಯೂಟರಿನ ಮುಂದೆ ಕೂತು ಬರೆಯಬೇಕು, ಕ್ಯಾಮೆರಾ ನಮ್ಮನ್ನು ನೋಡುತ್ತಿರುತ್ತದೆ. ಕೋಣೆಯಲ್ಲಿ ಇನ್ನೊಬ್ಬರು ಇರಕೂಡದು, ಕಣ್ಣು ಅತ್ತಿತ್ತ ಹೊರಳಕೂಡದು. ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಮೇಷ್ಟ್ರು ಕನಿಷ್ಠ ಮಧ್ಯೆ ಮಧ್ಯೆ ಟೀ ಕುಡಿಯಲು ಹೋಗುತ್ತಿದ್ದರು. ಈ ಯಂತ್ರಕ್ಕೆ ಅಂಥ ಮಾನವೀಯ ದೌರ್ಬಲ್ಯಗಳಿಲ್ಲ.

ಆ ದಿನ ನಮ್ಮ ಬೀದಿಯಲ್ಲಿ ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಎದುರುಮನೆಯ ಭಾಯ್ ಹಾಸಿಗೆ ಹೊಲಿಯುವವರು. ಅವರ ತಾತನ ಕಾಲದಿಂದ ನಮ್ಮ ಬೀದಿಯ ಜನ ಮಲಗಿರುವುದೆಲ್ಲ ಆ ಮನೆಯ ಹತ್ತಿಯ ಮೇಲೆಯೇ. ಅವರ ಅಂಗಡಿಯ ಮಹಡಿಗೆ ಬ್ಯಾಟರಿಯಿತ್ತು, ಇಂಟರ್ನೆಟ್ ಇತ್ತು. "ಫಿಕರ್ ನಕ್ಕೊ ಕರೋ ಸಾಬ್, ಚಿಂತೆ ಬಿಡಿ, ಬನ್ನಿ, ಯಾರೂ ಬರಲ್ಲ ಮೇಲೆ" ಎಂದು ಕೂರಿಸಿದರು. ನಿಜಕ್ಕೂ ಯಾರೂ ಬರಲಿಲ್ಲ. ಆದರೆ ಪರೀಕ್ಷೆ ಶುರುವಾದ ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಕೆಂಪಕ್ಷರದಲ್ಲಿ, ಕೋಣೆಯಲ್ಲಿ ಇನ್ನೊಬ್ಬ ವ್ಯಕ್ತಿ ಕಾಣುತ್ತಿದ್ದಾನೆ ಎಂಬ ಎಚ್ಚರಿಕೆ ಬಂತು. ತಿರುಗಿ ನೋಡಿದೆ. ಕಣ್ಣು ಹೊರಳಿದೆ ಎಂದು ಇನ್ನೊಂದು ಎಚ್ಚರಿಕೆ ಬಂತು. ನನ್ನ ಹಿಂದೆ ಗೋಡೆಗೆ ಒರಗಿಕೊಂಡು ಒಂದು ಉದ್ದನೆಯ ಲೋಡುದಿಂಬು ನಿಂತಿತ್ತು. ಹೂವಿನ ಬಟ್ಟೆ ತೊಟ್ಟು, ಸ್ವಲ್ಪ ವಾಲಿಕೊಂಡು, ಅದು ನಿಜವಾಗಿಯೂ ನನ್ನ ಉತ್ತರಗಳನ್ನು ಓದುತ್ತಿರುವ ಹಾಗೇ ಕಾಣುತ್ತಿತ್ತು.

ಏಳುವಂತಿಲ್ಲ, ತಿರುಗುವಂತಿಲ್ಲ. ಬಾಯಿ ತೆರೆಯಬಾರದು ಎಂದು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಪರದೆಯನ್ನೇ ನೋಡುತ್ತ ಭಾಯ್ ಅವರನ್ನು ಕೂಗಿದೆ. ಅವರು ಮೆಟ್ಟಿಲ ಮೇಲೆ ತೆವಳಿಕೊಂಡು ಬಂದು, ಕ್ಯಾಮೆರಾಕ್ಕೆ ಕಾಣದ ಹಾಗೆ ನೆಲದಿಂದಲೇ ಕೈ ಚಾಚಿ, ದಿಂಬಿನ ಬುಡ ಹಿಡಿದು ಎಳೆದರು. ಕ್ಯಾಮೆರಾದ ದೃಷ್ಟಿಯಲ್ಲಿ ಆ ವ್ಯಕ್ತಿ ಮೂರ್ಛೆ ಹೋಗಿರಬೇಕು. ಎಚ್ಚರಿಕೆ ನಿಂತಿತು. "ಪಾಸಾ ಸಾಬ್?" ಎಂದು ನೆಲದಿಂದ ದನಿ ಬಂತು. ಫಲಿತಾಂಶ ಬಂದಾಗ ಪಾಸೇ ಆಗಿತ್ತು.

ಮೂರನೇ ಸುತ್ತಿಗೆ ನಾನು ಮನೆಯಲ್ಲೇ ಕೂತೆ. ಈ ಸುತ್ತಿನಲ್ಲಿ ಪುಣೆಯಿಂದ ಒಬ್ಬ ಗಡ್ಡದ ಯುವಕ ಪರದೆಯ ಮೇಲೆ ಬಂದು ಲೆಕ್ಕ ಕೊಟ್ಟ. ನಾನು ಅವನ ಕಣ್ಣೆದುರಿಗೆ ಬಿಡಿಸಬೇಕು. ಷರತ್ತು ಒಂದೇ: ಮನಸ್ಸಿನಲ್ಲಿ ಯೋಚಿಸಬಾರದು, ಬಾಯಿ ಬಿಟ್ಟು ಯೋಚಿಸಬೇಕು. ನೀವು ಹೇಗೆ ಯೋಚಿಸುತ್ತೀರಿ ಎಂಬುದೇ ನಮಗೆ ಮುಖ್ಯ ಎಂದ. ಲಾರಿಯಲ್ಲಿ ಬಂದ ಒಂದೇ ಲೋಡು ಮಾವಿನ ವಿವರ, ನೆಟ್‌ವರ್ಕ್ ಕೈಕೊಟ್ಟಾಗ, ಎರಡೆರಡು ಸಲ ಬಂದುಬಿಡುತ್ತದೆ. ಅದನ್ನು ಗುರುತಿಸಿ ಒಂದೇ ಸಲ ಎಣಿಸಬೇಕು. ಇದು ಲೆಕ್ಕ.

ಗಡಿ ಸೀಮೆಯ ನಮ್ಮಂಥವರ ತಲೆಯಲ್ಲಿ ಭಾಷೆಗಳಿಗೆ ಪಾಲು ಹಂಚಿಕೆಯಾಗಿದೆ. ಓದು, ಜಗಳ ಕನ್ನಡದಲ್ಲಿ. ಕಂಪ್ಯೂಟರು ಇಂಗ್ಲಿಷಿನಲ್ಲಿ. ಎಣಿಕೆ ಮತ್ತು ಅನುಮಾನ ತೆಲುಗಿನಲ್ಲಿ. ಬಾಯಿ ಬಿಟ್ಟು ಯೋಚಿಸು ಎಂದರೆ ನನ್ನ ಬಾಯಿಂದ ಬರುವುದು ಅಪ್ಪಟ ತೆಲುಗು. ಅದು ನನಗೇ ಗೊತ್ತಿರಲಿಲ್ಲ, ಯಾಕೆಂದರೆ ಅದುವರೆಗೆ ನಾನು ಮರ್ಯಾದಸ್ಥರ ಹಾಗೆ ಮನಸ್ಸಿನಲ್ಲೇ ಯೋಚಿಸಿದ್ದೆ. ಸಾಲುಗಳನ್ನು ನೋಡುತ್ತ ಗಟ್ಟಿಯಾಗಿ ಕೇಳಿಕೊಂಡೆ: "ಇದಿ ಒಕ್ಕಸಾರಿ ವಚ್ಚಿಂದಾ, ರೆಂಡು ಸಾರ್ಲು ವಚ್ಚಿಂದಾ?" ಇದು ಒಂದು ಸಲ ಬಂತೋ, ಎರಡು ಸಲ ಬಂತೋ?

ಗೋಡೆಯ ಆಚೆಯಿಂದ ಉತ್ತರ ಬಂತು. "ಒಕ್ಕಸಾರೇ ವಚ್ಚಿಂದಿ. ಅದೀ ಅರಗಂಟೇ."

ಒಂದೇ ಸಲ ಬಂತು, ಅದೂ ಅರ್ಧ ಗಂಟೆ. ಅತ್ತೆ! ಮಗಳ ಮನೆಗೆ ಹಣ್ಣು ತಂದವರು ಪಕ್ಕದ ಕೋಣೆಯಲ್ಲಿ ಮಲಗಿದ್ದರು. ನಗರಸಭೆಯ ನೀರಿನ ವಿಷಯ ಹೇಳುತ್ತಿದ್ದರು. ಅಳಿಯ ಗೋಡೆಯನ್ನು ಕೇಳಿದ್ದಾನೆ, ಸಂಪ್ರದಾಯ ಬಲ್ಲವನು ಎಂದು ಸಂತೋಷವಾಗಿಯೇ ಉತ್ತರಿಸಿರಬೇಕು.

ಗಡ್ಡದ ಯುವಕನ ಮುಖ ಬಿಗಿಯಿತು. "ಸರ್, ಯಾರೋ ನಿಮಗೆ ಉತ್ತರ ಹೇಳಿಕೊಡುತ್ತಿದ್ದಾರೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಅದು ನನ್ನ ಅತ್ತೆ, ಅವರು ಹೇಳಿದ್ದು ನಲ್ಲಿ ನೀರಿನ ವಿಚಾರ ಎಂದೆ. ನಿಜ ಹೇಳುವಾಗ ಮನುಷ್ಯ ಎಷ್ಟು ಸುಳ್ಳನಂತೆ ಕಾಣುತ್ತಾನೆ ಎಂಬುದು ಪರದೆಯ ಮೂಲೆಯಲ್ಲಿದ್ದ ನನ್ನದೇ ಮುಖದಲ್ಲಿ ಕಾಣಿಸಿತು. ದಯವಿಟ್ಟು ಅವರನ್ನು ಕ್ಯಾಮೆರಾ ಮುಂದೆ ಕರೆಯಿರಿ ಎಂದ. ಕಳೆದ ಸುತ್ತಿನಲ್ಲಿ ದಿಂಬು, ಈ ಸುತ್ತಿನಲ್ಲಿ ಅತ್ತೆ. ಕಲಬುರಗಿಯ ಬಸ್ಸಿನ ಹಾರ್ನ್ ಸದ್ದು ನನ್ನ ಕಿವಿಯಲ್ಲಿ ಕೇಳಿಸಿತು.

ಅತ್ತೆ ಬಂದರು. ಸೆರಗು ಸರಿಮಾಡಿಕೊಂಡು ನನ್ನ ಕುರ್ಚಿಯಲ್ಲೇ ಕೂತರು. ಯುವಕನನ್ನು ಒಂದು ಕ್ಷಣ ನೋಡಿ, ಗಡ್ಡವನ್ನು ಕ್ಷಮಿಸಿ, "ಊಟ ಆಯ್ತಾ ನಾಯನಾ?" ಎಂದರು.

ನಾನು ಅನುವಾದಿಸಿದೆ. ಅವನು, ಇನ್ನೂ ಇಲ್ಲ ಎಂದ.

"ಇಷ್ಟೊತ್ತಾದ್ರೂ? ಮನೇಲಿ ಯಾರಿದಾರೆ?"

ಒಬ್ಬನೇ ಇರುತ್ತೇನೆ, ತಾಯಿ ಊರಿನಲ್ಲಿದ್ದಾರೆ ಎಂದ. ನಾನು ಅದನ್ನೂ ಅನುವಾದಿಸಿದೆ. ಕೆಲಸಕ್ಕೆ ಸಂದರ್ಶನ ಕೊಡಲು ಹೋಗಿ ದುಭಾಷಿಯಾದವನು ನಾನೊಬ್ಬನೇ ಇರಬೇಕು. ಅತ್ತೆ ಅವನ ಊರು, ಬೆಳೆ, ತಂಗಿಯ ಮದುವೆ ಎಲ್ಲವನ್ನೂ ಕ್ರಮವಾಗಿ ವಿಚಾರಿಸಿದರು. ಅವನೂ ಒಂದೊಂದಕ್ಕೂ ಪ್ರಾಮಾಣಿಕವಾಗಿ, ಬಾಯಿ ಬಿಟ್ಟು ಯೋಚಿಸಿ, ಉತ್ತರ ಕೊಟ್ಟ. ಕೊನೆಗೆ ಅತ್ತೆ ಎದ್ದು, ಗೋಡೆಗೆ, "ಒಳ್ಳೇ ಹುಡ್ಗ. ಮೈಯಲ್ಲಿ ಏನೂ ಇಲ್ಲ ಅಷ್ಟೇ. ಪಾಸು ಮಾಡ್ಬೋದು" ಎಂದು ಹೇಳಿ ಹೊರಟುಹೋದರು.

ಉಳಿದ ಹೊತ್ತು ನಾನು ಇಂಗ್ಲಿಷಿನಲ್ಲೇ ಯೋಚಿಸಿದೆ. ಯೋಚನೆ ಸ್ವಲ್ಪ ಕುಂಟಿತು, ಆದರೆ ಲೆಕ್ಕ ಬಿಡಿಸಿತು. ಯುವಕ ಕೊನೆಯಲ್ಲಿ, ಅವರಿಗೆ ನನ್ನ ನಮಸ್ಕಾರ ಹೇಳಿ ಎಂದ. ಮರುದಿನ ನಾಲ್ಕನೇ ಸುತ್ತಿಗೆ ಮಾಲೂರಿಗೇ ಬರಬೇಕೆಂದು ಕರೆ ಬಂತು. ಈ ಸುತ್ತಿನಲ್ಲಿ ಮುಖ್ಯಸ್ಥರು ಕೂರುತ್ತಾರೆ, ಇದಾದ ಮೇಲೆ ಉಳಿಯುವುದು ಎಚ್‌.ಆರ್. ಮಾತುಕತೆ ಮಾತ್ರ ಎಂದರು.

ಹೊರಡುವಾಗ ಹೆಂಡತಿ ನನ್ನ ಬ್ಯಾಗಿಗೆ ಒಂದು ತೆಳು ಟವಲ್ಲು ತುರುಕಿದಳು. "ಬೆವರು ಒರೆಸ್ಕೊಳ್ಳಿ. ನಿಮಗೆ ಕರ್ಚೀಫು ಸಾಲಲ್ಲ."

"ಏನಾದ್ರೂ ಹೇಳಬೇಕಾ?" ಎಂದೆ.

"ಅವ್ರು ಕೇಳಿದ್ದಕ್ಕೆ ಮಾತ್ರ ಹೇಳಿ. ಪಾಠ ಮಾಡೋಕೆ ಹೋಗ್ಬೇಡಿ. ಅದು ನನ್ ಕೆಲ್ಸ."

ಬಾಗಿಲಲ್ಲಿ ಅತ್ತೆ ಫೋನಿನಲ್ಲಿ ಊರಿನವರ ಜೊತೆ ಆ ಬೆಳಗಿನ ತೋತಾಪುರಿ ಮಾವಿನ ರೇಟು ಮಾತಾಡುತ್ತಿದ್ದರು. ಅದು ನನ್ನ ಕಿವಿಗೆ ಬಿದ್ದು, ಕೆಲಸವಿಲ್ಲದ ವಿಷಯಗಳು ಉಳಿಯುವ ಜಾಗದಲ್ಲಿ ಉಳಿಯಿತು.

ಮಾಲೂರಿನ ಆ ಕಾರ್ಖಾನೆಯಲ್ಲಿ ಗೇಟಿನಿಂದಲೇ ಮಾವಿನ ತಿರುಳಿನ ವಾಸನೆ. ಮುಖ್ಯಸ್ಥರು ಅರವತ್ತರ ಹತ್ತಿರದವರು, ತುಂಬುತೋಳಿನ ಷರ್ಟು, ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ಪಕ್ಕದಲ್ಲಿ ಮೊದಲು ಫೋನು ಮಾಡಿದ ಎಚ್‌.ಆರ್. ಮೇಡಂ. ಪ್ರಶ್ನೆ ಇದು: ಶ್ರೀನಿವಾಸಪುರದ ಮಂಡಿಯಲ್ಲಿ ಒಂದು ರಾಶಿಗೆ ರೇಟು ಕುದುರಿದ ಕ್ಷಣದಲ್ಲೇ ಅದು ಮಾಲೂರಿನ ಈ ಮೇಜಿನ ಮೇಲಿನ ಪರದೆಯಲ್ಲಿ ಕಾಣಬೇಕು. ವ್ಯವಸ್ಥೆಯನ್ನು ಹೇಗೆ ಕಟ್ಟುತ್ತೀರಿ? ಬೋರ್ಡಿನ ಮೇಲೆ ಬರೆದು ತೋರಿಸಿ.

ನಾನು ಬೋರ್ಡಿನ ಮೇಲೆ ಚೌಕಗಳನ್ನೂ ಬಾಣಗಳನ್ನೂ ಬರೆದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ "ಆ ಕ್ಷಣದಲ್ಲೇ ಕಾಣಿಸುವುದು ಆಗುವುದಿಲ್ಲ ಸರ್" ಎಂದುಬಿಟ್ಟೆ.

ಏಕೆ ಎಂದರು.

ಹೆಂಡತಿಯ ಬುದ್ಧಿವಾದ ಅಲ್ಲಿಗೆ ಮುಗಿಯಿತು. ನಾನು ಪಾಠ ಶುರುಮಾಡಿದೆ. ಈಗ ಎಲ್ಲ ಕಡೆ ಹೀಗಿಲ್ಲ, ಕೂಗಿ ಹರಾಜು ಹಾಕುವವರಿದ್ದಾರೆ, ಫೋನಿನಲ್ಲೇ ಮುಗಿಸುವವರಿದ್ದಾರೆ. ಆದರೂ ಹಳಬರು ಈಗಲೂ ಟವಲ್ಲಿನ ಕೆಳಗೇ ವ್ಯಾಪಾರ ಮಾಡುತ್ತಾರೆ. ಕೊಳ್ಳುವವನು, ಮಾರುವವನು ಇಬ್ಬರ ಕೈಯ ಮೇಲೂ ಟವಲ್ಲು ಹೊದಿಸಿರುತ್ತದೆ. ಒಳಗೆ ಬೆರಳು ಹಿಡಿದು ಒತ್ತಿದರೆ ಅದೇ ರೇಟು. ಒಂದು ಬೆರಳಿಗೆ ಒಂದು, ಎರಡಕ್ಕೆ ಎರಡು, ಐದಕ್ಕೆ ಇಡೀ ಅಂಗೈ. ಮುಂದೆ ಎಷ್ಟು ಸೊನ್ನೆ ಎಂಬುದನ್ನು ಯಾರೂ ಹೇಳುವುದಿಲ್ಲ, ಎದುರಿಗಿರುವ ಸರಕನ್ನು ನೋಡಿದರೆ ಇಬ್ಬರಿಗೂ ಗೊತ್ತಾಗುತ್ತದೆ. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ಒಪ್ಪಿಗೆಯಾದರೆ ಕೈ ಅದುಮುತ್ತಾರೆ. ಅದುಮಿದ ಮೇಲೆ ಮಾತು ತಿರುಗಿಸುವಂತಿಲ್ಲ. ಆದ್ದರಿಂದ ರೇಟು ಕುದುರಿದ ಹೊತ್ತು ಬೇರೆ, ಅದು ನಮಗೆ ತಿಳಿದ ಹೊತ್ತು ಬೇರೆ. ಎರಡನ್ನೂ ಬೇರೆಬೇರೆ ಬರೆದಿಡುವ ವ್ಯವಸ್ಥೆ ಕಟ್ಟಬಹುದು. ಎರಡೂ ಒಂದೇ ಎಂದು ಪರದೆಯಲ್ಲಿ ತೋರಿಸಿದರೆ ಅದು ಸುಳ್ಳು.

ಮುಖ್ಯಸ್ಥರು ಆಸಕ್ತಿಯಿಂದ ಮುಂದಕ್ಕೆ ಬಾಗಿದರು. "ತೋರಿಸಿ" ಎಂದರು. ನಾನು ಬ್ಯಾಗಿನಿಂದ ಟವಲ್ಲು ತೆಗೆದೆ. ಅವರು ಕೈ ಚಾಚಿದರು. "ನೀವು ಮಾರುವವರು, ನಾನು ಕೊಳ್ಳುವವನು. ನಿಮ್ಮ ರೇಟು ಹೇಳಿ."

ಮಾರಲು ನನ್ನ ಹತ್ತಿರ ಏನಿತ್ತು? ಬೆಳಿಗ್ಗೆ ಕಿವಿಗೆ ಬಿದ್ದ ತೋತಾಪುರಿ. ಆ ರೇಟಿಗೆ ತಕ್ಕಷ್ಟು ಬೆರಳು ಹಿಡಿದು ಒತ್ತಿದೆ. ಎಷ್ಟು ಬೆರಳೆಂದು ಇಲ್ಲಿ ಬರೆಯುವುದಿಲ್ಲ. ಟವಲ್ಲು ಇರುವುದೇ ಅದಕ್ಕೆ. ಅವರು ಒಂದು ಬೆರಳು ಬಿಡಿಸಿಕೊಂಡರು. ನಾನು ಬಿಡಲಿಲ್ಲ. ಅತ್ತೆಯ ತೋಟದ ಕಾಯಿಯ ಮಾನದ ಪ್ರಶ್ನೆ. ಮತ್ತೆ ಹಿಡಿದೆ. ಅವರು ಅರ್ಧ ಬೆರಳಾದರೂ ಇಳಿಸಿ ಎಂಬಂತೆ ಒತ್ತಿದರು. ತಲೆಯಾಡಿಸಿದೆ. ಅವರ ಬೆರಳುಗಳು ಇಂಗ್ಲಿಷ್ ಮಾತಾಡುವವರ ಬೆರಳುಗಳಿಗಿಂತ ಹೆಚ್ಚು ಚುರುಕಾಗಿವೆ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಮುಂದಕ್ಕೆ ಯೋಚಿಸಲಿಲ್ಲ. ಮೇಡಂ ಮಾತ್ರ, ಮುಖ್ಯಸ್ಥರೂ ಅಭ್ಯರ್ಥಿಯೂ ಒಂದು ಟವಲ್ಲಿನ ಕೆಳಗೆ ಕೈ ಹಿಡಿದುಕೊಂಡು ಮೌನವಾಗಿ ಮುಖ ನೋಡುತ್ತಿರುವುದನ್ನು, ಯಾವ ತರಬೇತಿಯಲ್ಲೂ ಹೇಳಿಕೊಡದ ಪರಿಸ್ಥಿತಿ ಎಂಬಂತೆ ನೋಡುತ್ತಿದ್ದರು.

ಕೊನೆಗೆ ಮುಖ್ಯಸ್ಥರು ನಿಟ್ಟುಸಿರು ಬಿಟ್ಟು, ನಾನು ಹಿಡಿದಷ್ಟಕ್ಕೇ ಒಪ್ಪಿ, ಕೈ ಗಟ್ಟಿಯಾಗಿ ಅದುಮಿದರು. ಟವಲ್ಲು ತೆಗೆದರು. ಮಡಿಸಿ ನನಗೆ ಕೊಡುತ್ತ, ಅಷ್ಟು ಹೊತ್ತಿನಲ್ಲಿ ಮೊದಲ ಸಲ ಕನ್ನಡದಲ್ಲಿ, "ನಮ್ಮಪ್ಪಂದು ಮಂಡಿ ಇತ್ತು ಕಣ್ರೀ, ಶ್ರೀನಿವಾಸಪುರದಲ್ಲಿ. ಚೆನ್ನಾಗಿ ಹೇಳ್ಕೊಟ್ರಿ" ಎಂದರು.

ಹುಟ್ಟಿದಂದಿನಿಂದ ಗೊತ್ತಿದ್ದುದನ್ನು ಅವರು ನನ್ನಿಂದ ಪೂರ್ತಿ ಕೇಳಿಸಿಕೊಂಡಿದ್ದರು. ಗೊತ್ತಿರುವುದನ್ನೇ ಕೇಳುವುದು ಸಂದರ್ಶಕರ ಹಕ್ಕು, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ನಾನು ಬಸ್ಸು ಹತ್ತಿದೆ.

ಐದನೇ ಸುತ್ತು ಮತ್ತೆ ಫೋನಿನಲ್ಲಿ. ಹೆಂಡತಿ ಆಗಷ್ಟೇ ಮುಳಬಾಗಿಲಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಮೇಡಂ, ನೀವು ಆಯ್ಕೆಯಾಗಿದ್ದೀರಿ, ಕೆಲಸದ ಜಾಗ ಮಾಲೂರು ಎಂದರು. ನಾನು ಗಂಟಲು ಸರಿಮಾಡಿಕೊಂಡು, ಸಂಬಳದ ಬಗ್ಗೆ ನನ್ನ ನಿರೀಕ್ಷೆಯನ್ನು ನಿವೇದಿಸಲು ಅಣಿಯಾದೆ.

"ಸರ್, ಅದು ನಾಲ್ಕನೇ ಸುತ್ತಲ್ಲೇ ಕ್ಲೋಸ್ ಆಯ್ತಲ್ಲ" ಎಂದರು. "ನೀವು ಹೇಳಿದ್ದಕ್ಕೇ ಒಪ್ಕೊಂಡೆ, ಒಂದು ರೂಪಾಯಿ ಇಳಿಸೋಕಾಗ್ಲಿಲ್ಲ ಅಂತ ನಮ್ ಸರ್ ಹೇಳಿದಾರೆ."

ಎಷ್ಟು ಎಂದು ಕೇಳಿದೆ. ಹೇಳಿದರು. ನಾನು ಹಿಡಿದಿದ್ದ ಬೆರಳುಗಳೇ, ಸೊನ್ನೆಗಳು ಮಾತ್ರ ಅವರವು. ಆಗ ತಿಳಿಯಿತು. ಎದುರಿಗಿರುವ ಸರಕನ್ನು ನೋಡಿ ಸೊನ್ನೆ ಲೆಕ್ಕ ಹಾಕಬೇಕು ಎಂದು ನಾನೇ ಹೇಳಿಕೊಟ್ಟಿದ್ದೆ. ಆ ಕೋಣೆಯಲ್ಲಿ ಮಾವಿನಕಾಯಿ ಇರಲಿಲ್ಲ. ಅವರ ಎದುರಿಗಿದ್ದ ಸರಕು ನಾನು.

"ಮೇಡಂ, ಅದು ಮಾವಿನ ರೇಟು."

"ಯಾವ ಮಾವು ಸರ್?"

"ತೋತಾಪುರಿ."

ಆ ಕಡೆ ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. "ಅದನ್ನೂ ನೋಟ್ ಮಾಡ್ಕೋಬೇಕಾ ಸರ್?"

ಯೋಚಿಸಿ ಹೇಳುತ್ತೇನೆ ಎಂದು ಫೋನು ಇಟ್ಟೆ. ಆಗ ಸಿಗುತ್ತಿದ್ದ ಸಂಬಳಕ್ಕಿಂತ ಕಡಿಮೆ. ಕಲಬುರಗಿಗೆ ಹೋಗುವವರಿಗೆ ಡೈರಿಯವರು ಹೆಚ್ಚಿಸುತ್ತೇವೆ ಎಂದಿದ್ದರು. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿ, "ಪಾಠ ಮಾಡ್ಬೇಡಿ ಅಂದಿದ್ದೆ" ಎಂದಳು.

ಅತ್ತೆಗೆ ಮಾತ್ರ ಇದು ತೋಟದ ಮರ್ಯಾದೆಯ ವಿಷಯ. "ಕೈ ಅದುಮಿದ್ಮೇಲೆ ತೆಗೆಯೋ ಹಂಗಿಲ್ಲ" ಎಂದು ಗೋಡೆಗೆ ಹೇಳಿದರು. "ನಾಳೆ ಮಂಡೀಲಿ ಮುಖ ಎತ್ಕೊಂಡು ಓಡಾಡ್ಬೇಕು." ಆಮೇಲೆ ಸಂಪ್ರದಾಯವನ್ನೆಲ್ಲ ಬದಿಗಿಟ್ಟು, ಇಷ್ಟು ವರ್ಷದಲ್ಲಿ ಮೊದಲ ಸಲ, ನೇರವಾಗಿ ನನ್ನ ಮುಖ ನೋಡಿ ಕೇಳಿದರು: "ಬಾದಾಮಿ ರೇಟು ಹಿಡೀಬಾರ್ದಾಗಿತ್ತಾ?"

ಬಾದಾಮಿ ಮಾವಿಗೆ ತೋತಾಪುರಿಗಿಂತ ಎಷ್ಟೋ ಹೆಚ್ಚು ಬೆಲೆ. ಹೆಂಡತಿ ಅಡುಗೆಮನೆಯಿಂದ, "ಮಾಲೂರಿಂದ ಕೊನೇ ಬಸ್ಸು ಎಷ್ಟೊತ್ತಿಗೆ?" ಎಂದಳು. ಸಂಜೆ ಬೇಕಾದಷ್ಟು ಬಸ್ಸಿವೆ ಎಂದೆ. "ಹಂಗಾದ್ರೆ ಅವ್ರಿಗೆ ಫೋನ್ ಮಾಡಿ" ಎಂದಳು. ಮಾಡಿದೆ.

ಈಗ ನಾನು ಮಾಲೂರಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಸಂಬಳ ಮೊದಲಿಗಿಂತ ಕಡಿಮೆ. ರಾತ್ರಿ ಊಟಕ್ಕೆ ಮನೆಯಲ್ಲಿರುತ್ತೇನೆ.